ಕರೆಂಟು ದಾಟದು, ಸುದ್ದಿ ದಾಟುವುದು
(ಯುವಕ ಮಂಡಲಗಳಿಗೆ ಒಂದು ಪಾಠ: ಆಪ್ಟೊಕಪ್ಲರಿನ ಮೂಲಕ ಎಲ್.ಇ.ಡಿ. ದೀಪ ಹತ್ತಿಸುವ ಬಗೆ)



ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುತ್ತಿರುವಾಗ ಆಚೆ ದಡದವನು ಲಾಟೀನನ್ನು ಎತ್ತಿ ಆಡಿಸಿದರೆ ಈಚೆ ದಡದ ಅಂಬಿಗನಿಗೆ ಸುದ್ದಿ ತಿಳಿಯುತ್ತದೆ. ಸುದ್ದಿ ಹೊಳೆಯನ್ನು ದಾಟಿತು. ಆದರೆ ಯಾರೂ ಹೊಳೆಗೆ ಇಳಿಯಲಿಲ್ಲ, ಯಾರ ಮೈಯೂ ನೆನೆಯಲಿಲ್ಲ. ಇದೇ ಯುಕ್ತಿಯಿಂದ, ಅಪಾಯದ ಕರೆಂಟು ಇರುವ ಕಡೆಯಿಂದ ಅಪಾಯವಿಲ್ಲದ ಕಡೆಗೆ ಸುದ್ದಿಯೊಂದನ್ನೇ ದಾಟಿಸುವ ಚಿಕ್ಕ ಸಾಮಾನೊಂದು ಇದೆ. ಅದಕ್ಕೆ ಆಪ್ಟೊಕಪ್ಲರ್ ಎಂದು ಹೆಸರು. ನಮ್ಮ ಮಾತಿನಲ್ಲಿ ಬೆಳಕಿನ ಕೊಂಡಿ ಎನ್ನಬಹುದು. ಅದನ್ನು ಬಳಸಿ ಒಂದು ಪುಟ್ಟ ಎಲ್.ಇ.ಡಿ. ದೀಪವನ್ನು ಹತ್ತಿಸುವುದು ಹೇಗೆಂಬುದೇ ಈ ಸಂಚಿಕೆಯ ಪಾಠ.

ಬಿತ್ತನೆ, ಗೊಬ್ಬರ, ಔಷಧಿ ಸಿಂಪರಣೆಯ ವಿಷಯ ಬರುವ ಈ ಪುಟದಲ್ಲಿ ಇಂಥ ಪಾಠವೇಕೆ ಎಂದು ಹಿರಿಯರು ಕೇಳಬಹುದು. ಕಾರಣ ಇದೆ. ಹೈಸ್ಕೂಲು, ಐ.ಟಿ.ಐ. ಓದುವ ನಮ್ಮ ಹುಡುಗರು ಈಗ ಚಿಕ್ಕ ಚಿಕ್ಕ ಸರ್ಕೀಟುಗಳನ್ನು ತಾವೇ ಜೋಡಿಸುತ್ತಾರೆ. ತೊಟ್ಟಿ ತುಂಬಿದರೆ ಗಂಟೆ ಬಾರಿಸುವುದು, ಪಂಪಿನ ಮನೆಗೆ ಕರೆಂಟು ಬಂದರೆ ಮನೆಯ ಜಗಲಿಯಲ್ಲಿ ದೀಪ ಹತ್ತಿಸುವುದು ಇವೇ ಮೊದಲಾದ ಉಪಯುಕ್ತ ಕೆಲಸಗಳಿಗೆ ಅವರು ಕೈ ಹಾಕುತ್ತಿದ್ದಾರೆ. ಸರದಿಯ ಮೇಲೆ ಕರೆಂಟು ಬರುವ ಊರುಗಳಲ್ಲಿ, ನಡುರಾತ್ರಿ ಎದ್ದು ಟಾರ್ಚು ಹಿಡಿದು ಹಾವಿನ ದಾರಿಯಲ್ಲಿ ತೋಟಕ್ಕೆ ಹೋಗಿ ಕರೆಂಟು ಇದೆಯೋ ಇಲ್ಲವೋ ಎಂದು ನೋಡಿಬರುವ ಕಷ್ಟ ಎಷ್ಟೆಂಬುದು ನಿಮಗೆಲ್ಲ ತಿಳಿದದ್ದೇ. ಆದುದರಿಂದ ಹುಡುಗರ ಈ ಉತ್ಸಾಹ ಮೆಚ್ಚತಕ್ಕದ್ದು. ಆದರೆ ಪಂಪಿನ ಮನೆಯ ತಂತಿಯನ್ನು ನೇರವಾಗಿ ಮನೆಯೊಳಗಿನ ಆಟದ ಸರ್ಕೀಟಿಗೆ ಸೇರಿಸಿಬಿಟ್ಟರೆ ಹೊಳೆಯನ್ನೇ ಮನೆಯೊಳಗೆ ಬಿಟ್ಟುಕೊಂಡಂತೆ ಆಗುತ್ತದೆ.

ಅಪಾಯ ಎಷ್ಟರದು?

ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಂದಿನಿಂದ ಇಂದಿನವರೆಗೆ ವಿದ್ಯುತ್ತು ನಮ್ಮ ಎಷ್ಟೋ ಕೆಲಸವನ್ನು ಹಗುರ ಮಾಡಿದೆ. ಆದರೆ ಅದರ ಸ್ವಭಾವ ಮಾತ್ರ ಬದಲಾಗಿಲ್ಲ. ದಾರಿ ಸಿಕ್ಕಿದ ಕಡೆಗೆ ಅದು ಹರಿಯುತ್ತದೆ. ತಂತಿಯೋ ಮನುಷ್ಯನ ಮೈಯೋ ಎಂದು ನೋಡುವುದಿಲ್ಲ.

ಮನೆಯ ಲೈನಿನಲ್ಲಿ ಸುಮಾರು 230 ವೋಲ್ಟ್ ಒತ್ತಡವಿರುತ್ತದೆ. ಪಂಪಿನ ಮೂರು ಫೇಸುಗಳಲ್ಲಿ ಯಾವ ಎರಡರ ನಡುವೆ ಅಳೆದರೂ ಸುಮಾರು 400 ವೋಲ್ಟ್ ಇರುತ್ತದೆ. ಚಿಕ್ಕ ಎಲ್.ಇ.ಡಿ. ದೀಪವೊಂದು ಚೆನ್ನಾಗಿ ಉರಿಯಲು 10 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರನೆಯ ಒಂದು ಪಾಲು, ಕರೆಂಟು ಸಾಕು. ಇಷ್ಟು ಅಲ್ಪ ಕರೆಂಟು ನಮ್ಮನ್ನೇನು ಮಾಡೀತು ಎಂದು ತೋರಬಹುದು. ಆದರೆ ಲೈನಿನ ಕರೆಂಟು ಮನುಷ್ಯನ ಮೈಯಲ್ಲಿ ಸುಮಾರು 10 ಮಿಲಿಆಂಪಿಯರನ್ನು ದಾಟಿತೆಂದರೆ ಕೈಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ; ಹಿಡಿದ ತಂತಿಯನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ. 30 ಮಿಲಿಆಂಪಿಯರನ್ನು ಮೀರಿದರೆ ಪ್ರಾಣಕ್ಕೇ ಅಪಾಯ. ಮನೆಗಳಲ್ಲಿ ಹಾಕುವ ಆರ್.ಸಿ.ಸಿ.ಬಿ. ಎಂಬ ರಕ್ಷಣೆಯ ಸ್ವಿಚ್ಚು 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವಂತೆ ಇರುವುದು ಇದಕ್ಕಾಗಿಯೇ. ಒಂದು ದೀಪವನ್ನು ಬೆಳಗಿಸುವಷ್ಟೇ ಕರೆಂಟು ಒಂದು ಮನೆಯ ದೀಪವನ್ನು ಆರಿಸಬಲ್ಲದು ಎಂಬುದನ್ನು ಮನಸ್ಸಿನಲ್ಲಿಟ್ಟು ಮುಂದಿನ ಪಾಠವನ್ನು ಓದಬೇಕು.

ಬೆಳಕಿನ ಕೊಂಡಿಯ ಒಳಗೆ ಏನಿದೆ?

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆಪ್ಟೊಕಪ್ಲರಿನ ನಮೂನೆ ಪಿ.ಸಿ. 817. ನೋಡಲು ಕಪ್ಪು, ಅವರೆಕಾಳಿಗಿಂತಲೂ ಚಿಕ್ಕದು. ಎಡಗಡೆ ಎರಡು, ಬಲಗಡೆ ಎರಡು, ಹೀಗೆ ನಾಲ್ಕು ಕಾಲುಗಳಿರುತ್ತವೆ. ಮೈಮೇಲೆ ಒಂದು ಮೂಲೆಯಲ್ಲಿ ಚಿಕ್ಕ ಚುಕ್ಕೆ ಇರುತ್ತದೆ. ಆ ಚುಕ್ಕೆ ಎಡಗಡೆಯ ಮೇಲ್ಮೂಲೆಗೆ ಬರುವಂತೆ ಹಿಡಿದುಕೊಂಡರೆ, ಚುಕ್ಕೆಯ ಪಕ್ಕದ್ದು 1ನೆಯ ಕಾಲು, ಅದರ ಕೆಳಗಿನದು 2ನೆಯದು; ಬಲಗಡೆಯ ಕೆಳಗಿನದು 3ನೆಯದು, ಅದರ ಮೇಲಿನದು 4ನೆಯದು.

ಎಡಗಡೆಯ 1 ಮತ್ತು 2ನೆಯ ಕಾಲುಗಳಿಗೆ ಒಳಗೆ ಒಂದು ಪುಟ್ಟ ದೀಪ ಸೇರಿದೆ. ಅದೂ ಒಂದು ಎಲ್.ಇ.ಡಿ.ಯೇ, ಆದರೆ ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಟಿ.ವಿ.ಯ ರಿಮೋಟಿನಿಂದ ಹೊರಡುವುದೂ ಇಂಥದೇ ಕಾಣದ ಬೆಳಕು. ಬಲಗಡೆಯ 3 ಮತ್ತು 4ನೆಯ ಕಾಲುಗಳಿಗೆ ಬೆಳಕನ್ನು ಗುರುತಿಸುವ ಒಂದು ಟ್ರಾನ್ಸಿಸ್ಟರ್ ಸೇರಿದೆ. ಎರಡರ ನಡುವೆ ತಂತಿಯ ಸಂಬಂಧ ಸ್ವಲ್ಪವೂ ಇಲ್ಲ. ಬೆಳಕನ್ನು ಹಾಯಲು ಬಿಟ್ಟು ಕರೆಂಟನ್ನು ತಡೆಯುವ ಪದಾರ್ಥ ಮಾತ್ರ ಇದೆ.

ಬಲಗಡೆಯ ಟ್ರಾನ್ಸಿಸ್ಟರನ್ನು ಕೆರೆಯ ತೂಬಿಗೆ ಹೋಲಿಸಬಹುದು. ಎಡಗಡೆಯ ಬೆಳಕು ಬಿದ್ದಾಗ ತೂಬು ತೆರೆಯುತ್ತದೆ. ಬೆಳಕು ನಿಂತಾಗ ಮುಚ್ಚುತ್ತದೆ. ತೂಬು ತೆರೆದಾಗ ಹರಿಯುವ ನೀರು ಆ ಕೆರೆಯದೇ ಹೊರತು ತೂಬು ಎತ್ತಿದವನ ಮನೆಯದಲ್ಲ. ಹಾಗೆಯೇ ಬಲಗಡೆಯ ದೀಪವನ್ನು ಉರಿಸುವ ಕರೆಂಟು ಬಲಗಡೆಯ ಬ್ಯಾಟರಿಯದೇ ಆಗಿರಬೇಕು. ಎಡಗಡೆಯಿಂದ ಬರುವುದು "ತೆರೆ", "ಮುಚ್ಚು" ಎಂಬ ಅಪ್ಪಣೆ ಮಾತ್ರ. ಈ ಒಂದು ಮಾತು ಸರಿಯಾಗಿ ಅರ್ಥವಾದರೆ ಅರ್ಧ ಪಾಠ ಮುಗಿದಂತೆಯೇ.

ಬೇಕಾಗುವ ಸಾಮಾನು

ಈ ಪಾಠವನ್ನು ಬ್ಯಾಟರಿಗಳಿಂದಲೇ ಮಾಡಬೇಕು. ಗೋಡೆಯ ಪ್ಲಗ್ಗಿನ ಹತ್ತಿರಕ್ಕೂ ಹೋಗಬಾರದು.

1. ಪಿ.ಸಿ. 817 ಆಪ್ಟೊಕಪ್ಲರ್: ಒಂದು.
2. 9 ವೋಲ್ಟಿನ ಚೌಕಾಕಾರದ ಬ್ಯಾಟರಿ ಮತ್ತು ಅದರ ಮುಚ್ಚಳದ ತಂತಿ: ಒಂದು.
3. ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲುಗಳು ನಾಲ್ಕು, ಅವನ್ನು ಸಾಲಾಗಿ ಕೂಡಿಸುವ ಪೆಟ್ಟಿಗೆ ಒಂದು. ಇದರಿಂದ 6 ವೋಲ್ಟ್ ಸಿಗುತ್ತದೆ.
4. 680 ಓಮ್ ರೆಸಿಸ್ಟರ್: ಒಂದು. ಇದರ ಪಟ್ಟೆಗಳು ನೀಲಿ, ಬೂದು, ಕಂದು.
5. 1000 ಓಮ್ ರೆಸಿಸ್ಟರ್: ಒಂದು. ಇದರ ಪಟ್ಟೆಗಳು ಕಂದು, ಕಪ್ಪು, ಕೆಂಪು.
6. ಕೆಂಪು ಎಲ್.ಇ.ಡಿ.: ಒಂದು.
7. ಒತ್ತುವ ಚಿಕ್ಕ ಸ್ವಿಚ್ಚು, ಬ್ರೆಡ್‌ಬೋರ್ಡ್, ಐದಾರು ತುಂಡು ತಂತಿ.
8. ಮಲ್ಟಿಮೀಟರ್. ಇದನ್ನು ಯುವಕ ಮಂಡಲದವರು ಕೂಡಿ ಒಂದು ಕೊಂಡುಕೊಂಡರೆ ಎಲ್ಲರಿಗೂ ಆದೀತು.

ಲೆಕ್ಕ

ರೆಸಿಸ್ಟರ್ ಎಂಬುದು ಕಾಲುವೆಗೆ ಅಡ್ಡಲಾಗಿ ಇಟ್ಟ ಕಲ್ಲಿದ್ದಂತೆ, ಹರಿವನ್ನು ಮಿತಿಯಲ್ಲಿಡುತ್ತದೆ. ಅದಿಲ್ಲದೆ ಎಲ್.ಇ.ಡಿ.ಯನ್ನು ನೇರವಾಗಿ ಬ್ಯಾಟರಿಗೆ ಸೇರಿಸಿದರೆ ಕರೆಂಟು ಮಿತಿಮೀರಿ ಹರಿದು ಎಲ್.ಇ.ಡಿ. ಸುಟ್ಟುಹೋಗುತ್ತದೆ. ಎಷ್ಟು ಓಮಿನ ರೆಸಿಸ್ಟರ್ ಬೇಕೆಂಬುದನ್ನು ಲೆಕ್ಕದಿಂದಲೇ ತಿಳಿಯಬೇಕು. ಇದು ಏಳನೆಯ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. ಅದನ್ನು ಸಾವಿರದಿಂದ ಗುಣಿಸಿದರೆ ಮಿಲಿಆಂಪಿಯರ್.

ಎಡಗಡೆ: ಬ್ಯಾಟರಿಯ ಒತ್ತಡ 9 ವೋಲ್ಟ್. ಕೊಂಡಿಯೊಳಗಿನ ದೀಪ ಅದರಲ್ಲಿ ಸುಮಾರು 1.2 ವೋಲ್ಟನ್ನು ತಾನು ಬಳಸಿಕೊಳ್ಳುತ್ತದೆ. ಉಳಿದದ್ದು 7.8 ವೋಲ್ಟ್. ಇದನ್ನು 680 ಓಮಿನಿಂದ ಭಾಗಿಸಿದರೆ ಸುಮಾರು 11.5 ಮಿಲಿಆಂಪಿಯರ್. ಈ ದೀಪ ತಾಳಬಲ್ಲ ಗರಿಷ್ಠ ಕರೆಂಟು 50 ಮಿಲಿಆಂಪಿಯರ್, ಆದುದರಿಂದ ಚಿಂತೆಯಿಲ್ಲ.

ಬಲಗಡೆ: ಸೆಲ್ಲುಗಳ ಒತ್ತಡ 6 ವೋಲ್ಟ್. ಕೆಂಪು ಎಲ್.ಇ.ಡಿ.ಗೆ ಸುಮಾರು 2 ವೋಲ್ಟ್ ಹೋಗುತ್ತದೆ. ತೆರೆದ ತೂಬಿನಲ್ಲಿ, ಎಂದರೆ ಟ್ರಾನ್ಸಿಸ್ಟರಿನಲ್ಲಿ, ಸುಮಾರು 0.2 ವೋಲ್ಟ್ ಹೋಗುತ್ತದೆ. ಉಳಿದದ್ದು 3.8 ವೋಲ್ಟ್. ಇದನ್ನು 1000 ಓಮಿನಿಂದ ಭಾಗಿಸಿದರೆ 3.8 ಮಿಲಿಆಂಪಿಯರ್. ಕೆಂಪು ದೀಪ ಕಣ್ಣಿಗೆ ಚೆನ್ನಾಗಿ ಕಾಣಲು ಇಷ್ಟು ಸಾಕು.

ಇನ್ನೊಂದು ಲೆಕ್ಕ ಉಳಿದಿದೆ. ಹೊಸಬರು ಸಾಮಾನ್ಯವಾಗಿ ಇದನ್ನೇ ಬಿಟ್ಟುಬಿಡುವುದು. ಎಡಗಡೆ ಇಷ್ಟು ಕರೆಂಟು ಕೊಟ್ಟರೆ ಬಲಗಡೆ ಎಷ್ಟನ್ನು ಹರಿಯಬಿಡಬಹುದು ಎಂಬುದಕ್ಕೆ ಒಂದು ಪ್ರಮಾಣವಿದೆ. ಎಲ್ಲ ಬೀಜಗಳ ಮೊಳಕೆಯ ಪ್ರಮಾಣ ಒಂದೇ ಆಗಿರದಂತೆ, ಎಲ್ಲ ಆಪ್ಟೊಕಪ್ಲರುಗಳ ಪ್ರಮಾಣವೂ ಒಂದೇ ಅಲ್ಲ. ಪಿ.ಸಿ. 817ರಲ್ಲಿ ಅದು ನೂರಕ್ಕೆ 50ರಿಂದ 600ರವರೆಗೆ ಇರಬಹುದು. ಹೆಸರಿನ ಕೊನೆಯಲ್ಲಿ "ಎ" ಎಂಬ ಅಕ್ಷರವಿದ್ದರೆ 80ರಿಂದ 160, "ಬಿ" ಇದ್ದರೆ 130ರಿಂದ 260, "ಸಿ" ಇದ್ದರೆ 200ರಿಂದ 400, "ಡಿ" ಇದ್ದರೆ 300ರಿಂದ 600. ಲೆಕ್ಕ ಹಾಕುವಾಗ ಯಾವಾಗಲೂ ಎಲ್ಲಕ್ಕಿಂತ ಕಡಮೆಯದನ್ನೇ ಹಿಡಿಯಬೇಕು. ಮಳೆ ಕಡಮೆಯಾದೀತೆಂದು ಎಣಿಸಿ ಬೆಳೆ ಇಡುವವನು ಮೋಸಹೋಗುವುದಿಲ್ಲ.

ನೂರಕ್ಕೆ 50 ಎಂದು ಹಿಡಿದರೆ, 11.5ಕ್ಕೆ ಸುಮಾರು 5.7 ಮಿಲಿಆಂಪಿಯರ್ ಆಯಿತು. ನಮಗೆ ಬೇಕಾದದ್ದು 3.8. ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ಬ್ಯಾಟರಿ ಹಳೆಯದಾಗಿ 9 ವೋಲ್ಟ್ ಇದ್ದದ್ದು 7ಕ್ಕೆ ಇಳಿದರೂ ಎಡಗಡೆ ಸುಮಾರು 8.5 ಮಿಲಿಆಂಪಿಯರ್ ಹರಿಯುತ್ತದೆ. ಅದರ ಅರ್ಧ 4.2; ಆಗಲೂ ಕೆಲಸ ನಡೆಯುತ್ತದೆ. ಎಡಗಡೆಗೂ 1000 ಓಮನ್ನೇ ಹಾಕಿದ್ದರೆ ಹೊಸ ಬ್ಯಾಟರಿಯಲ್ಲಿ ಹೇಗೋ ಸರಿಹೋಗಿ, ಬ್ಯಾಟರಿ ಹಳೆಯದಾದಾಗ ದೀಪ ಮಂಕಾಗುವ ಸಂಭವವಿತ್ತು. 680 ಓಮನ್ನು ಆರಿಸಿದ್ದು ಈ ಕಾರಣದಿಂದ.

ಜೋಡಿಸುವ ಕ್ರಮ

ಬ್ರೆಡ್‌ಬೋರ್ಡಿನ ನಡುವೆ ಉದ್ದಕ್ಕೂ ಒಂದು ಕಾಲುವೆ ಇರುತ್ತದೆ. ಆಪ್ಟೊಕಪ್ಲರನ್ನು ಆ ಕಾಲುವೆಯ ಮೇಲೆ, ಎರಡು ಕಾಲು ಈಚೆಗೆ, ಎರಡು ಕಾಲು ಆಚೆಗೆ ಬರುವಂತೆ ಕೂರಿಸಬೇಕು. ಕಾಲುವೆಯನ್ನೇ ಗಡಿಯೆಂದು ತಿಳಿಯಬೇಕು. ಎಡಗಡೆಯ ತಂತಿ ಎಡಗಡೆಯಲ್ಲೇ ಇರಲಿ, ಬಲಗಡೆಯದು ಬಲಗಡೆಯಲ್ಲೇ ಇರಲಿ. ಯಾವ ತಂತಿಯೂ ಗಡಿಯನ್ನು ದಾಟತಕ್ಕದ್ದಲ್ಲ.

ಎಡಗಡೆಯ ಕೆಲಸ ಹೀಗೆ: 9 ವೋಲ್ಟ್ ಬ್ಯಾಟರಿಯ ಪ್ಲಸ್ಸಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ 680 ಓಮಿನ ರೆಸಿಸ್ಟರಿಗೆ, ರೆಸಿಸ್ಟರಿನಿಂದ 1ನೆಯ ಕಾಲಿಗೆ. 2ನೆಯ ಕಾಲಿನಿಂದ ನೇರವಾಗಿ ಬ್ಯಾಟರಿಯ ಮೈನಸ್ಸಿಗೆ.

ಬಲಗಡೆಯ ಕೆಲಸ ಹೀಗೆ: 6 ವೋಲ್ಟ್ ಪೆಟ್ಟಿಗೆಯ ಪ್ಲಸ್ಸಿನಿಂದ 1000 ಓಮಿನ ರೆಸಿಸ್ಟರಿಗೆ, ರೆಸಿಸ್ಟರಿನಿಂದ ಎಲ್.ಇ.ಡಿ.ಯ ಉದ್ದ ಕಾಲಿಗೆ, ಎಲ್.ಇ.ಡಿ.ಯ ಗಿಡ್ಡ ಕಾಲಿನಿಂದ 4ನೆಯ ಕಾಲಿಗೆ. 3ನೆಯ ಕಾಲಿನಿಂದ ಪೆಟ್ಟಿಗೆಯ ಮೈನಸ್ಸಿಗೆ.

ಬ್ಯಾಟರಿಗಳನ್ನು ಎಲ್ಲಕ್ಕಿಂತ ಕೊನೆಯಲ್ಲಿ ಸೇರಿಸಬೇಕು. ಸೇರಿಸುವ ಮುಂಚೆ ಒಬ್ಬ ಓದಿ ಹೇಳಿ, ಇನ್ನೊಬ್ಬ ಬೆರಳಿಟ್ಟು ನೋಡಿ, ಎಲ್ಲವೂ ಸರಿಯಾಗಿದೆಯೆಂದು ಖಚಿತಮಾಡಿಕೊಳ್ಳುವುದು ಒಳ್ಳೆಯದು. ಏಕೆಂದರೆ ಕೊಂಡಿಯೊಳಗಿನ ದೀಪ ತಲೆಕೆಳಗಾಗಿ ಸೇರಿದರೆ 6 ವೋಲ್ಟಿಗಿಂತ ಹೆಚ್ಚನ್ನು ತಾಳಲಾರದು. 9 ವೋಲ್ಟ್ ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲುಬದಲಾಗಿದ್ದರೆ ಅದು ಕೆಡಬಹುದು.

ನಾಲ್ಕು ಪರೀಕ್ಷೆಗಳು

ಮೊದಲನೆಯದು: ಸ್ವಿಚ್ಚನ್ನು ಒತ್ತಿರಿ. ಬಲಗಡೆಯ ಕೆಂಪು ದೀಪ ಹತ್ತಬೇಕು. ಬಿಟ್ಟರೆ ಆರಬೇಕು.

ಎರಡನೆಯದು: ಬಲಗಡೆಯ ಸೆಲ್ಲುಗಳನ್ನು ತೆಗೆದು ಸ್ವಿಚ್ಚು ಒತ್ತಿರಿ. ದೀಪ ಹತ್ತಕೂಡದು. ಎಡಗಡೆಯ ಬ್ಯಾಟರಿ ಎಷ್ಟೇ ಹೊಸದಾಗಿದ್ದರೂ ಅದರ ಕರೆಂಟಿನಿಂದ ಬಲಗಡೆಯ ದೀಪ ಉರಿಯುತ್ತಿಲ್ಲ ಎಂಬುದು ಇದರಿಂದ ಕಣ್ಣಾರೆ ತಿಳಿಯುತ್ತದೆ.

ಮೂರನೆಯದು: ಬಲಗಡೆಯ ಸೆಲ್ಲುಗಳನ್ನು ಮತ್ತೆ ಹಾಕಿ, ಎಡಗಡೆಯ ಬ್ಯಾಟರಿಯನ್ನು ಬಿಚ್ಚಿಡಿರಿ. ಈಗಲೂ ದೀಪ ಹತ್ತಕೂಡದು. ಅಪ್ಪಣೆ ಬಾರದೆ ತೂಬು ತೆರೆಯುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಎರಡು ಬ್ಯಾಟರಿಗಳನ್ನೂ ತೆಗೆದಿಡಿರಿ. ಮಲ್ಟಿಮೀಟರನ್ನು ಓಮ್ ಅಳೆಯುವ ಅತಿ ಹೆಚ್ಚಿನ ಮಟ್ಟಕ್ಕೆ ತಿರುಗಿಸಿರಿ. ಒಂದು ಕಡ್ಡಿಯನ್ನು ಎಡಗಡೆಯ 1ನೆಯ ಕಾಲಿಗೂ ಇನ್ನೊಂದನ್ನು ಬಲಗಡೆಯ 3ನೆಯ ಕಾಲಿಗೂ ಮುಟ್ಟಿಸಿರಿ. ಅನಂತರ 1 ಮತ್ತು 4, 2 ಮತ್ತು 3, 2 ಮತ್ತು 4 ಹೀಗೆ ಒಂದೊಂದನ್ನೂ ಮುಟ್ಟಿಸಿ ನೋಡಿರಿ. ಎಲ್ಲ ಸಲವೂ ಮೀಟರು ದಾರಿಯೇ ಇಲ್ಲವೆಂದು ತೋರಿಸಬೇಕು. ಒಂದು ಸಲ ಏನಾದರೂ ಅಂಕಿ ತೋರಿಸಿತೆಂದರೆ ಎಲ್ಲೋ ಒಂದು ತಂತಿ ಗಡಿಯನ್ನು ದಾಟಿದೆ ಎಂದು ಅರ್ಥ. ಮೀಟರಿನ ಕಡ್ಡಿಗಳ ಲೋಹದ ತುದಿಯನ್ನು ಎರಡು ಕೈಯ ಬೆರಳುಗಳಿಂದ ಹಿಡಿಯಬೇಡಿ. ಹಿಡಿದರೆ ಮೀಟರು ನಿಮ್ಮ ಮೈಯನ್ನೇ ಅಳೆದು ತೋರಿಸುತ್ತದೆ.

ದೀಪ ಹತ್ತಿದರೆ ಸಾಲದು

ಈ ಪಾಠದ ತಿರುಳು ಇಲ್ಲಿದೆ. ಎಷ್ಟೋ ಕಡೆ ಹುಡುಗರು ಎಡಗಡೆಯ ಮೈನಸ್ ತಂತಿಯನ್ನೂ ಬಲಗಡೆಯ ಮೈನಸ್ ತಂತಿಯನ್ನೂ ಒಂದೇ ಕಡೆ ಸೇರಿಸಿಬಿಡುತ್ತಾರೆ. ಬೇರೆ ಸರ್ಕೀಟುಗಳಲ್ಲಿ ಎಲ್ಲ ಮೈನಸ್ಸುಗಳನ್ನೂ ಒಂದುಗೂಡಿಸುವುದು ರೂಢಿ; ಆ ರೂಢಿಯಿಂದ ಇಲ್ಲಿಯೂ ಕೈ ಹಾಗೆಯೇ ಓಡುತ್ತದೆ. ಇನ್ನು ಕೆಲವರು ಎರಡು ಬ್ಯಾಟರಿ ಏಕೆ ದಂಡ ಎಂದು ಒಂದೇ ಬ್ಯಾಟರಿಯಿಂದ ಎರಡು ಕಡೆಗೂ ಕರೆಂಟು ಕೊಡುತ್ತಾರೆ.

ಹೀಗೆ ಮಾಡಿದರೂ ದೀಪ ಹತ್ತುತ್ತದೆ! ಒತ್ತಿದರೆ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ನೋಡುವವರಿಗೆ ಏನೊಂದು ಕೊರತೆಯೂ ಕಾಣುವುದಿಲ್ಲ. ಆದರೆ ಆಪ್ಟೊಕಪ್ಲರನ್ನು ಹಾಕಿದ ಉದ್ದೇಶವೇ ಹಾಳಾಗಿರುತ್ತದೆ. ಹೊಲಕ್ಕೆ ಸುತ್ತಲೂ ಗಟ್ಟಿ ಬೇಲಿ ಹಾಕಿ ಒಂದು ಕಡೆ ಮಾತ್ರ ಕಂಡಿ ಬಿಟ್ಟರೆ ದನಗಳಿಗೆ ಆ ಕಂಡಿಯೇ ಸಾಕು. ಹಾಗೆಯೇ ಗಡಿ ದಾಟಿದ ಒಂದು ತಂತಿ ಸಾಕು. ಎಡಗಡೆಯ ಅಪಾಯವೆಲ್ಲ ಬಲಗಡೆಗೆ ಬರಲು ದಾರಿಯಾಗುತ್ತದೆ. ಬ್ಯಾಟರಿಯ ಪಾಠದಲ್ಲಿ ಇದರಿಂದ ಏನೂ ಕೆಡುಕಾಗದು. ಅದೇ ಅಭ್ಯಾಸ ಕೈಗೆ ಹತ್ತಿ ನಾಳೆ ಎಡಗಡೆಯಲ್ಲಿ ಲೈನಿನ ಸಂಬಂಧವಿದ್ದಾಗ, ಬಲಗಡೆಯ ಸ್ವಿಚ್ಚಿನ ಮೇಲೆ ಮಗುವಿನ ಕೈ ಇದ್ದಾಗ, ಕೆಡುಕು ಯಾರನ್ನೂ ಕೇಳಿ ಬರುವುದಿಲ್ಲ.

ಆದುದರಿಂದ ಮೊದಲನೆಯ ಪರೀಕ್ಷೆಯಲ್ಲಿ ಗೆದ್ದವನು ಪಾಠ ಕಲಿತಂತಾಗಲಿಲ್ಲ. ನಾಲ್ಕನೆಯ ಪರೀಕ್ಷೆಯಲ್ಲಿ ಗೆದ್ದವನೇ ಕಲಿತವನು. ಯುವಕ ಮಂಡಲದಲ್ಲಿ ಈ ಪಾಠವನ್ನು ನಡೆಸುವ ಹಿರಿಯ ಹುಡುಗರು ದೀಪವನ್ನು ನೋಡಿ ಬೆನ್ನು ತಟ್ಟಬಾರದು. ಮೀಟರನ್ನು ನೋಡಿ ತಟ್ಟಬೇಕು.

ದೀಪ ಹತ್ತದಿದ್ದರೆ

ಎಲ್.ಇ.ಡಿ.ಯ ಕಾಲುಗಳು ಅದಲುಬದಲಾಗಿವೆಯೇ ನೋಡಿರಿ. ಉದ್ದ ಕಾಲು ಪ್ಲಸ್ಸಿನ ಕಡೆಗೆ ಇರಬೇಕು. ಕಾಲನ್ನು ಕತ್ತರಿಸಿದ್ದರೆ, ಎಲ್.ಇ.ಡಿ.ಯ ಅಂಚು ಚಪ್ಪಟೆಯಾಗಿರುವ ಕಡೆ ಮೈನಸ್ ಎಂದು ತಿಳಿಯಬೇಕು. ಆಪ್ಟೊಕಪ್ಲರಿನ ಚುಕ್ಕೆ ಸರಿಯಾದ ಮೂಲೆಯಲ್ಲಿದೆಯೇ ನೋಡಿರಿ. 3 ಮತ್ತು 4ನೆಯ ಕಾಲುಗಳು ಅದಲುಬದಲಾಗಿದ್ದರೆ ದೀಪ ಹತ್ತುವುದಿಲ್ಲ, ಇಲ್ಲವೇ ಬಹಳ ಮಂಕಾಗಿ ಹತ್ತುತ್ತದೆ. ಇವೆಲ್ಲ ಸರಿಯಾಗಿದ್ದರೆ, ಸ್ವಿಚ್ಚನ್ನು ಒತ್ತಿ ಹಿಡಿದು 1 ಮತ್ತು 2ನೆಯ ಕಾಲುಗಳ ನಡುವೆ ವೋಲ್ಟನ್ನು ಅಳೆಯಿರಿ. ಸುಮಾರು 1.2 ವೋಲ್ಟ್ ಬಂದರೆ ಎಡಗಡೆ ಸರಿಯಾಗಿದೆ; ತಪ್ಪನ್ನು ಬಲಗಡೆಯಲ್ಲಿ ಹುಡುಕಬೇಕು. ಪೂರ್ತಿ 9 ವೋಲ್ಟ್ ಬಂದರೆ ಒಳಗಿನ ದೀಪ ಕೆಟ್ಟಿದೆ, ಇಲ್ಲವೇ ತಲೆಕೆಳಗಾಗಿ ಸೇರಿದೆ. ಏನೂ ಬಾರದಿದ್ದರೆ ಸ್ವಿಚ್ಚನ್ನೂ ತಂತಿಗಳನ್ನೂ ನೋಡಬೇಕು.

ದೊಡ್ಡ ದೀಪವನ್ನೋ ಗಂಟೆಯನ್ನೋ ಈ ಕೊಂಡಿಯಿಂದಲೇ ನೇರವಾಗಿ ನಡೆಸಲು ಹೋಗಬೇಡಿ. ಬಲಗಡೆಯ ಟ್ರಾನ್ಸಿಸ್ಟರ್ 50 ಮಿಲಿಆಂಪಿಯರಿಗಿಂತ ಹೆಚ್ಚನ್ನು ತಾಳದು. ಅಂಥ ಕೆಲಸಕ್ಕೆ ಮುಂದೆ ಬೇರೆಯೊಂದು ಟ್ರಾನ್ಸಿಸ್ಟರನ್ನು ಸೇರಿಸಬೇಕಾಗುತ್ತದೆ.

ಪಂಪಿನ ಮನೆಗೆ ಒಯ್ಯುವ ಮುಂಚೆ

ಈ ಪಾಠ ಕೈಗೆ ಬಂದ ಮೇಲೆ ಪಂಪಿನ ಮನೆಯ ಸುದ್ದಿಯನ್ನು ಜಗಲಿಗೆ ತರಬೇಕೆಂಬ ಆಸೆ ಸಹಜ. ಆದರೆ ಲೈನಿನ ತಂತಿಯನ್ನು ರೆಸಿಸ್ಟರಿನ ಮೂಲಕ ಆಪ್ಟೊಕಪ್ಲರಿಗೆ ಕೊಡುವ ಸರ್ಕೀಟನ್ನು ಹವ್ಯಾಸಿಗಳು ಮಾಡಬಾರದು. ಪಿ.ಸಿ. 817ರ ಎರಡು ಕಡೆಗಳ ನಡುವೆ 5000 ವೋಲ್ಟ್ ಒತ್ತಡವನ್ನು ಒಂದು ನಿಮಿಷ ತಡೆಯುವಂತೆ ಮಾಡಿರುತ್ತಾರೆ ಎಂಬುದು ನಿಜ. ಆದರೆ ಅದರ ಎಡಗಾಲು ಬಲಗಾಲುಗಳ ನಡುವಿನ ಅಂತರ ಮುಕ್ಕಾಲು ಸೆಂಟಿಮೀಟರು ಮಾತ್ರ. ಪಂಪಿನ ಮನೆಯ ತೇವ, ಧೂಳು, ಇರುವೆ, ಹಲ್ಲಿ ಇವುಗಳಲ್ಲಿ ಯಾವುದಾದರೂ ಒಂದು ಆ ಅಂತರದ ಮೇಲೆ ಸೇತುವೆ ಕಟ್ಟಿತೆಂದರೆ ಕೊಂಡಿ ಎಷ್ಟು ಗಟ್ಟಿಯಾಗಿದ್ದರೂ ಫಲವಿಲ್ಲ. ಮೇಲೆ ಹೇಳಿದ ಮೀಟರಿನ ಪರೀಕ್ಷೆಯೂ ತಂತಿ ಗಡಿ ದಾಟಿಲ್ಲವೆಂದು ಹೇಳುವುದೇ ಹೊರತು 230 ವೋಲ್ಟನ್ನು ತಡೆದೀತೆಂದು ಹೊಣೆ ಹೊರುವುದಿಲ್ಲ.

ಇದಕ್ಕಿಂತ ಒಳ್ಳೆಯ ದಾರಿಯಿದೆ. ಬಿ.ಐ.ಎಸ್. ನೋಂದಣಿಯ ಗುರುತಿರುವ, ಒಡೆಯದ, ಬಿಚ್ಚದ 5 ವೋಲ್ಟಿನ ಮೊಬೈಲ್ ಚಾರ್ಜರನ್ನು ಪಂಪಿನ ಮನೆಯ ಪ್ಲಗ್ಗಿಗೆ ಹಾಕಬೇಕು. ಆ ಪ್ಲಗ್ಗನ್ನು ಲೈಸನ್ಸು ಇರುವ ವೈರ್‌ಮನ್ನನಿಂದಲೇ ಹಾಕಿಸಿರಬೇಕು. ಚಾರ್ಜರಿನ 5 ವೋಲ್ಟನ್ನು ಎಡಗಡೆಯ ಬ್ಯಾಟರಿಯ ಬದಲಾಗಿ ಬಳಸಬಹುದು. ಆಗ 680 ಓಮಿನ ಜಾಗದಲ್ಲಿ 330 ಓಮ್ ಹಾಕಿದರೆ, 5ರಲ್ಲಿ 1.2 ಕಳೆದು ಉಳಿದ 3.8 ವೋಲ್ಟಿಗೆ ಅದೇ 11.5 ಮಿಲಿಆಂಪಿಯರ್ ಬರುತ್ತದೆ. ಇದರಿಂದ ಲೈನಿಗೂ ಮನೆಯವರಿಗೂ ನಡುವೆ ಚಾರ್ಜರಿನದೊಂದು, ಆಪ್ಟೊಕಪ್ಲರಿನದೊಂದು, ಹೀಗೆ ಎರಡು ಬೇಲಿಗಳಾದವು. ಒಂದು ಮುರಿದರೂ ಇನ್ನೊಂದು ಇರುತ್ತದೆ.

ಸುದ್ದಿಯ ತಂತಿಯನ್ನು ಎಳೆಯುವಾಗ ಮೂರು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಅದನ್ನು ವಿದ್ಯುತ್ ಕಂಬಕ್ಕೆ ಕಟ್ಟಬಾರದು. ಪಂಪಿನ ಕೇಬಲ್ಲು ಹೋಗುವ ಪೈಪಿನಲ್ಲೇ ಅದನ್ನು ತೂರಿಸಬಾರದು. ಗುಡುಗು ಸಿಡಿಲಿನ ಸೂಚನೆ ಕಂಡ ಕೂಡಲೆ ಅದನ್ನು ಮನೆಯ ಕಡೆಯಲ್ಲಿ ಬಿಚ್ಚಿಡಬೇಕು; ಸಿಡಿಲು ಹೊಡೆಯಲು ಆರಂಭವಾದ ಮೇಲೆ ಮುಟ್ಟಬಾರದು. ಸಿಡಿಲಿಗೆ ಈ ಕೊಂಡಿ ತಡೆಯಲ್ಲ.

ದೀಪದ ಮಾತನ್ನು ಎಷ್ಟು ನಂಬಬೇಕು?

ಜಗಲಿಯ ದೀಪ ಹತ್ತಿತೆಂದರೆ ಚಾರ್ಜರು ಸೇರಿರುವ ಒಂದು ಫೇಸಿಗೆ ಕರೆಂಟು ಬಂದಿದೆ ಎಂದಷ್ಟೇ ಅರ್ಥ. ಮೂರು ಫೇಸುಗಳೂ ಸರಿಯಾಗಿವೆಯೆಂದು ಅರ್ಥವಲ್ಲ. ಒಂದು ಫೇಸು ಇಲ್ಲದಾಗ ಮೋಟಾರು ಓಡಿಸಿದರೆ ಅದರ ಸುರುಳಿ ಸುಟ್ಟುಹೋಗುತ್ತದೆ. ಅದಕ್ಕೆ ಸ್ಟಾರ್ಟರಿನಲ್ಲಿ ಸಿಂಗಲ್ ಫೇಸಿಂಗ್ ತಡೆಯುವ ಸಾಧನ ಇರಲೇಬೇಕು. ನಮ್ಮ ಪುಟ್ಟ ದೀಪ ಅದರ ಕೆಲಸವನ್ನು ಮಾಡದು.

ಇದಕ್ಕಿಂತಲೂ ದೊಡ್ಡ ಮಾತೊಂದಿದೆ. ದೀಪ ಆರಿದೆ ಎಂದರೆ ಕರೆಂಟು ಇಲ್ಲವೆಂದು ಅರ್ಥವಲ್ಲ. ಬಲಗಡೆಯ ಸೆಲ್ಲು ಮುಗಿದಿರಬಹುದು, ಇಲಿ ತಂತಿಯನ್ನು ಕಡಿದಿರಬಹುದು, ಚಾರ್ಜರು ಕೆಟ್ಟಿರಬಹುದು, ಎಲ್.ಇ.ಡಿ.ಯೇ ಹೋಗಿರಬಹುದು. ಅಂಬಿಗನಿಗೆ ಲಾಟೀನು ಕಾಣದಿದ್ದರೆ ಆಚೆ ದಡದಲ್ಲಿ ಯಾರೂ ಇಲ್ಲವೆಂದೇ ಅಲ್ಲ. ಲಾಟೀನಿನ ಎಣ್ಣೆ ತೀರಿದ್ದರೂ ಹಾಗೆಯೇ. ಆದುದರಿಂದ ದೀಪ ಆರಿರುವುದನ್ನು ನಂಬಿ ಫ್ಯೂಸಿಗಾಗಲಿ, ಸ್ಟಾರ್ಟರಿಗಾಗಲಿ, ಮೋಟಾರಿನ ತಂತಿಗಾಗಲಿ ಯಾರೂ ಕೈ ಹಾಕಬಾರದು. ಮೇನ್ ಸ್ವಿಚ್ಚನ್ನು ಕೆಳಗೆ ಮಾಡಿ, ರಿಪೇರಿಯ ಕೆಲಸವನ್ನು ತಿಳಿದವರಿಗೇ ಬಿಡಬೇಕು. ಕಂಬದ ಮೇಲಿನ ಕೆಲಸಕ್ಕೆ ಲೈನ್‌ಮನ್ನನೇ ಬರಬೇಕು. ದೀಪವನ್ನು ನೋಡಿ ತೋಟಕ್ಕೆ ಹೋಗಬಹುದು. ದೀಪವನ್ನು ನೋಡಿ ತಂತಿಯನ್ನು ಮುಟ್ಟಬಾರದು. ಇದನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ಆಳುಗಳಿಗೂ ತಿಳಿಸಿ ಹೇಳುವುದು ಯಜಮಾನನ ಕರ್ತವ್ಯ.

ಅಭ್ಯಾಸಕ್ಕೆ ಮೂರು ಪ್ರಶ್ನೆಗಳು

1. ಎಡಗಡೆಗೆ 9 ವೋಲ್ಟಿನ ಬದಲು ಔಷಧಿ ಸಿಂಪಡಿಸುವ ಯಂತ್ರದ 12 ವೋಲ್ಟ್ ಬ್ಯಾಟರಿಯನ್ನು ಬಳಸಿದರೆ ಎಷ್ಟು ಓಮಿನ ರೆಸಿಸ್ಟರ್ ಹಾಕಬೇಕು?

2. ಬಲಗಡೆ ಕೆಂಪು ದೀಪದ ಬದಲು, ಸುಮಾರು 3 ವೋಲ್ಟ್ ಬಳಸುವ ಬಿಳಿ ಎಲ್.ಇ.ಡಿ. ಹಾಕಿ 1000 ಓಮನ್ನೇ ಉಳಿಸಿಕೊಂಡರೆ ಎಷ್ಟು ಕರೆಂಟು ಹರಿಯುತ್ತದೆ?

3. ನಿಮ್ಮ ಗೆಳೆಯನ ಸರ್ಕೀಟಿನಲ್ಲಿ ದೀಪ ಸರಿಯಾಗಿ ಹತ್ತಿ ಆರುತ್ತಿದೆ. ಆದರೆ ಎರಡು ಮೈನಸ್ ತಂತಿಗಳೂ ಒಂದೇ ಕಡೆ ಸೇರಿವೆ. ಯಾವ ಪರೀಕ್ಷೆಯಿಂದ ಇದನ್ನು ಕಂಡುಹಿಡಿಯುವಿರಿ?

ಉತ್ತರಗಳು: ಮೊದಲನೆಯದಕ್ಕೆ 1000 ಓಮ್, ಆಗ ಸುಮಾರು 10.8 ಮಿಲಿಆಂಪಿಯರ್ ಹರಿಯುತ್ತದೆ, ಅದರ ಅರ್ಧ 5.4 ನಮಗೆ ಬೇಕಾದ 3.8ಕ್ಕಿಂತ ಹೆಚ್ಚೇ ಆಯಿತು. ಎರಡನೆಯದಕ್ಕೆ 6ರಲ್ಲಿ 3 ಮತ್ತು 0.2 ಕಳೆದರೆ 2.8 ವೋಲ್ಟ್, ಎಂದರೆ 2.8 ಮಿಲಿಆಂಪಿಯರ್, ಬಿಳಿ ದೀಪ ಕಾಣಲು ಇದು ಸಾಕು. ಮೂರನೆಯದಕ್ಕೆ ನಾಲ್ಕನೆಯ ಪರೀಕ್ಷೆ. ಮೂರನೆಯ ಪ್ರಶ್ನೆಗೆ ಪುಟ ತಿರುವಿ ನೋಡದೆ ಉತ್ತರ ಹೇಳಿದವನ ಕೈಗೆ ಯುವಕ ಮಂಡಲದ ಮೀಟರನ್ನು ಧೈರ್ಯವಾಗಿ ಕೊಡಬಹುದು.